ಜೀವಾವಧಿ ಲಕ್ಷ್ಮೀನಾರಾಯಣನ ಶಾಲು

ಇಂಗ್ಲೆಂಡಿನ ಸೊಲಿಹಲ್ ಊರಿನ ಕನ್ನಡದವರ ನಡುವೆ ಲಕ್ಷ್ಮೀನಾರಾಯಣ ಎಂಬ ಹೆಸರಿನವನು ಇದ್ದದ್ದು ಒಬ್ಬನೇ. ಯಾವ ಲಕ್ಷ್ಮೀನಾರಾಯಣ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಆದರೂ ಜನ ಅವನ ಹೆಸರಿಗೆ ಮುಂದುಗಡೆಯಿಂದ ಒಂದು ಬಾಲ ಅಂಟಿಸಿದ್ದರು: ಜೀವಾವಧಿ ಲಕ್ಷ್ಮೀನಾರಾಯಣ.

ಆ ಹೆಸರು ಪುಕ್ಕಟೆ ಬಂದದ್ದಲ್ಲ, ಗಂಟಲು ಹರಿದುಕೊಂಡು ಸಂಪಾದಿಸಿದ್ದು. ಬೀದಿ ಹುಡುಗರು ಅವನ ಕಾರಿನ ಕನ್ನಡಿ ಮುರಿದರೆ ಜೀವಾವಧಿ. ಹ್ಯಾಲೋವೀನ್ ದಿನ ಅಡುಗೆಮನೆ ಕಿಟಕಿಗೆ ಮೊಟ್ಟೆ ಹೊಡೆದರೆ ಜೀವಾವಧಿ. ಬಸ್ಸಿನ ಮೇಲ್ಮಹಡಿಯಲ್ಲಿ ಎದುರು ಸೀಟಿನ ಮೇಲೆ ಬೂಟುಗಾಲು ಚಾಚಿ ಕೂತವನಿಗೂ ಅದೇ. ಇನ್ನು ಟೀವಿಯಲ್ಲಿ, ಎಲ್ಲೋ ಲೀಡ್ಸ್ ಕಡೆ ಹದಿನಾಲ್ಕರ ಹುಡುಗನೊಬ್ಬ ಚಾಕು ಹಾಕಿದ ಎಂದು ಸುದ್ದಿ ಬಂದರಂತೂ ಮುಗಿದೇ ಹೋಯಿತು. ಕಲಸಿದ ಅನ್ನ ತಟ್ಟೆಯಲ್ಲೇ ಬಿಟ್ಟು ಎದ್ದು ನಿಲ್ಲುತ್ತಿದ್ದ.

"ಮಗು ಅಂತೆ, ಮಗು! ಚಾಕು ಹಿಡಿಯೋವಾಗ ಗಂಡಸು, ಜೈಲು ಅಂದ ತಕ್ಷಣ ಮಗು! ಇಂಥವನ್ನೆಲ್ಲ ಒಳಗೆ ಹಾಕಿದ್ರೆ ಹಲ್ಲೆಲ್ಲ ಉದುರಿದ ಮೇಲೇ ಆಚೆ ಬಿಡ್ಬೇಕು."

"ಮೊದ್ಲು ಕೂತು ಮಜ್ಜಿಗೆ ಅನ್ನ ಮುಗಿಸಿ," ಎನ್ನುತ್ತಿದ್ದಳು ಹೆಂಡತಿ ಅಹಲ್ಯಾ. "ಆಮೇಲೆ ಹಾಕುವಿರಂತೆ ಒಳಗೆ."

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದ ಕೆಲಸವೂ ಈ ಸ್ವಭಾವಕ್ಕೆ ತುಪ್ಪ ಸುರಿಯುವಂಥದ್ದೇ. ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಸಣ್ಣದೊಂದು ಕಂಪನಿಯಲ್ಲಿ ತಪಾಸಣೆಯವನು. ಬೆಳಗಾದರೆ ಕಾರು ಹತ್ತಿ ಹೋಗುವುದು, ದಿನವಿಡೀ ಲೋಹದ ತುಂಡುಗಳನ್ನು ದೀಪದ ಕೆಳಗೆ ಹಿಡಿದು ಅಳೆಯುವುದು, ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಚೀಟಿ ಕಟ್ಟಿ ಗುಜರಿ ತೊಟ್ಟಿಗೆ ಎಸೆಯುವುದು. ತಪ್ಪು ಹುಡುಕಿ ಸಂಬಳ ತರುವವನಿಗೆ ಮನೆಗೆ ಬಂದ ಮೇಲೆ ಆ ಚಾಳಿ ಬಿಡುತ್ತದೆಯೇ? ಸಾರಿಗೆ ಉಪ್ಪು ಹೆಚ್ಚಾದರೆ ಅಹಲ್ಯಾಗೆ ಕೆಂಪು ಚೀಟಿ. ಗಣಿತದಲ್ಲಿ ಬಿ ಬಂದರೆ ಮಗಳು ಸಿಂಚನಾಗೆ ಕೆಂಪು ಚೀಟಿ. ತನಗೆ ತಾನು ಚೀಟಿ ಕಟ್ಟಿಕೊಂಡದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಹೀಗಿರುವಾಗ ಎರಡು ಸಾವಿರದ ಎರಡನೇ ಇಸವಿಯ ಯುಗಾದಿಗೆ ಮುಂಚೆ ಅವನಿಗೆ ಸರ್ಕಾರದ ಕಾಗದ ಬಂತು. ಜೂನ್ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ಕ್ರೌನ್ ಕೋರ್ಟಿಗೆ ಬಂದು ಜೂರಿಯಲ್ಲಿ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಹನ್ನೆರಡು ಜನಸಾಮಾನ್ಯರ ಪೈಕಿ ಒಬ್ಬನಾಗಿ, ಕೂರತಕ್ಕದ್ದು ಎಂದು.

ಆ ದೇಶದಲ್ಲಿ ಇದು ಯಾವ ಬಿರುದೂ ಅಲ್ಲ. ಮತದಾರರ ಪಟ್ಟಿಯಿಂದ ಕಂಪ್ಯೂಟರು ಕಣ್ಣು ಮುಚ್ಚಿ ಹೆಸರು ಎತ್ತುತ್ತದೆ. ಹಾಲಿನವನಿಗೆ ಬರುತ್ತದೆ, ಕ್ಷೌರದವಳಿಗೆ ಬರುತ್ತದೆ. ಬಂದವರಲ್ಲಿ ಅರ್ಧ ಜನ ಬೆನ್ನುನೋವು, ಅಜ್ಜಿಯ ಆಪರೇಷನ್ ಎಂದು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ. ನಮ್ಮ ಲಕ್ಷ್ಮೀನಾರಾಯಣ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ.

"ಡ್ಯಾಡ್, ಇಟ್ಸ್ ರ‍್ಯಾಂಡಮ್," ಎಂದಳು ಸಿಂಚನಾ. ಅವಳಿಗೆ ಆಗ ಹದಿನಾರು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಇಂಗ್ಲಿಷ್, ಅಪರೂಪಕ್ಕೆ ಎರಡರ ಕಲಸುಮೇಲೋಗರ. "ನಮ್ಮ ಸ್ಕೂಲಲ್ಲಿ ಊಟ ಬಡಿಸೋ ಡಿನ್ನರ್ ಲೇಡಿಗೂ ಬಂದಿತ್ತು."

"ಅವಳಿಗೆ ಬಂದ್ರೆ ಬರ್ಲಿ. ಈಗ ನಂಗೆ ಬಂದಿದೆ."

ಮೊದಲ ಫೋನು ಹೋದದ್ದು ಡಾಕ್ಟರ್ ಸಿದ್ದರಾಮಪ್ಪನವರಿಗೆ. ಧಾರವಾಡದ ಕಡೆಯವರು, ಮೂಳೆ ಡಾಕ್ಟರು, ಅಲ್ಲಿಯ ಕನ್ನಡ ಕೂಟದ ಅಧ್ಯಕ್ಷರು. ಅವರಿಗೂ ಹಿಂದೊಮ್ಮೆ ಇಂಥ ಕಾಗದ ಬಂದಿತ್ತು. ವೈದ್ಯರಿಗೆ ಆಗ ವಿನಾಯಿತಿ ಇತ್ತು. ಒಂದು ಸಹಿ ಹಾಕಿ ಕೈ ತೊಳೆದುಕೊಂಡಿದ್ದರು. ಆ ಸಂಗತಿಯನ್ನು ಅವರು ಈಗ ಎತ್ತಲಿಲ್ಲ.

"ಭಾಳ ಛಲೋ ಆತ್ರಿ! ನಮ್ಮವರೊಬ್ರು ನ್ಯಾಯದ ಕುರ್ಚಿ ಮ್ಯಾಲೆ ಕೂಡ್ತಾರ ಅಂದ್ರ ಸಣ್ಣ ಮಾತೇನ್ರಿ? ಯುಗಾದಿ ಫಂಕ್ಷನ್‌ದಾಗ ಒಂದು ಸನ್ಮಾನ ಇಟ್ಟೇ ಬಿಡೂಣು."

ಈ ಸನ್ಮಾನ ಎಂಬುದು ಕೂಟಕ್ಕೆ ಅಂಟಿದ ಹಳೆಯ ಕಾಯಿಲೆ. ಕಾರ್ಯದರ್ಶಿ ರಾಮಮೂರ್ತಿ ಬೆಂಗಳೂರಿಗೆ ಹೋದಾಗಲೆಲ್ಲ ಚಿಕ್ಕಪೇಟೆಯಿಂದ ಜರಿಯಂಚಿನ ಶಾಲುಗಳನ್ನು ಒಟ್ಟಿಗೆ ಹೊತ್ತು ತರುತ್ತಿದ್ದ. ತಂದ ಮೇಲೆ ಹೊದಿಸಲು ಹೆಗಲು ಬೇಕಲ್ಲ? ಹಿತ್ತಲಲ್ಲಿ ದೊಡ್ಡ ಕುಂಬಳಕಾಯಿ ಬೆಳೆದವನಿಗೆ ಒಂದು ಶಾಲು. ಬ್ರಿಟಿಷ್ ಪಾಸ್‌ಪೋರ್ಟ್ ಸಿಕ್ಕಿದವನಿಗೆ ಒಂದು. ಮಗ ವಯೊಲಿನ್ ಮೂರನೇ ಗ್ರೇಡ್ ಪಾಸಾದ ತಾಯಿಗೆ ಇನ್ನೊಂದು. ಕೂಟದಲ್ಲಿ ಶಾಲು ಹೊದೆಯದೆ ಉಳಿದವರು ಕೆಲವೇ ಮಂದಿ, ಅವರ ಪೈಕಿ ಲಕ್ಷ್ಮೀನಾರಾಯಣನೂ ಒಬ್ಬ. ಕೂಟ ಹುಟ್ಟಿದಾಗಿನಿಂದ ಪ್ರತಿ ಕಾರ್ಯಕ್ರಮಕ್ಕೂ ಬೇಗ ಬಂದು ಕುರ್ಚಿ ಜೋಡಿಸಿ, ಎಲ್ಲರೂ ಹೋದ ಮೇಲೆ ಪೇರಿಸಿಟ್ಟು ಹೋಗುತ್ತಿದ್ದವನು ಅವನೇ. ಅಷ್ಟು ಕುರ್ಚಿ ಹೊತ್ತವನಿಗೆ ಒಂದೇ ಒಂದು ಸಲ ಅಧ್ಯಕ್ಷನ ಕುರ್ಚಿಯಲ್ಲಿ ಕೂರಬೇಕೆಂಬ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು.

ಯುಗಾದಿಯ ದಿನ ಶಾಲೆಯ ಹಾಲಿನಲ್ಲಿ ಅವನ ತಲೆಗೆ ಮೈಸೂರು ಪೇಟ ಏರಿತು, ಕೊರಳಿಗೆ ಹಾರ, ಕೈಗೆ ಸೂಪರ್‌ಮಾರ್ಕೆಟ್ಟಿನ ಹಣ್ಣಿನ ಬುಟ್ಟಿ, ಹೆಗಲಿಗೆ ಕೆಂಪು ಶಾಲು. ರಾಮಮೂರ್ತಿ ಮೈಕಿನಲ್ಲಿ "ಬ್ರಿಟಿಷ್ ನ್ಯಾಯಾಂಗ ನಮ್ಮವರನ್ನು ಗುರುತಿಸಿದೆ" ಎಂದ. ಹಿಂದಿನ ಸಾಲಿನಲ್ಲಿ ಸಿಂಚನಾ ಮುಖ ಮುಚ್ಚಿಕೊಂಡಳು.

ಲಕ್ಷ್ಮೀನಾರಾಯಣನಿಗೆ ಮೈಕು ಸಿಕ್ಕಿತು. ಸಿಕ್ಕಬಾರದಿತ್ತು.

"ಈ ದೇಶದಲ್ಲಿ ಹುಡುಗರಿಗೆ ಹೆದರಿಕೆ ಅನ್ನೋದೇ ಇಲ್ಲ!" ಎಂದು ಶುರುಮಾಡಿದ. "ನನ್ನ ಮುಂದೆ ಅಂಥವನೊಬ್ಬ ಬಂದು ನಿಲ್ಲಲಿ. ಹದಿನೈದಾಗಿರಲಿ, ಹದಿಮೂರಾಗಿರಲಿ, ರಕ್ತ ಹರಿಸಿದವನಿಗೆ ಜೀವಾವಧಿ. ನೀವು ಹೊದಿಸಿದ ಈ ಶಾಲಿನಾಣೆ!"

ಚಪ್ಪಾಳೆಯೋ ಚಪ್ಪಾಳೆ. ಹೋಳಿಗೆ ಬಡಿಸಲು ನಿಂತಿದ್ದ ಹೆಂಗಸರು ಕೂಡ ಸೌಟು ಬಿಟ್ಟು ತಟ್ಟಿದರು. ಡಾಕ್ಟರು ಅವನ ಕಿವಿಯ ಹತ್ತಿರ ಬಗ್ಗಿ, "ಬರೋ ವರ್ಷ ನಾ ಇಳೀತೇನ್ರಿ. ನಿಮ್ಮ ಹೆಸರೇ ಹೇಳಾವ ಇದ್ದೇನಿ," ಎಂದರು. ಲಕ್ಷ್ಮೀನಾರಾಯಣನ ಕಣ್ಣು ತುಂಬಿತು. ಮನೆಗೆ ಬಂದವನೇ ಶಾಲನ್ನು ಮಡಿಸಿ ಹಾಲಿನ ಷೋಕೇಸಿನಲ್ಲಿ, ಬಂದವರಿಗೆಲ್ಲ ಕಾಣುವಂತೆ ಇಟ್ಟ.

ಜೂನ್ ಬಂತು. ಊರ ತುಂಬ ಕಾರುಗಳಿಗೆ ಇಂಗ್ಲೆಂಡಿನ ಬಾವುಟ. ಒಂದು ಕಡೆ ಫುಟ್‌ಬಾಲ್ ವರ್ಲ್ಡ್ ಕಪ್, ಇನ್ನೊಂದು ಕಡೆ ರಾಣಿ ಪಟ್ಟಕ್ಕೇರಿ ಐವತ್ತು ವರ್ಷವಾದ ಉತ್ಸವ. ಲಕ್ಷ್ಮೀನಾರಾಯಣ ಮದುವೆಗೆ ಹೊಲಿಸಿದ್ದ ಸೂಟು ಹಾಕಿಕೊಂಡು ಕೋರ್ಟಿಗೆ ಹೋದ. ಅಲ್ಲಿ ಅವನಿಗಾಗಿ ಯಾವ ನ್ಯಾಯದ ಕುರ್ಚಿಯೂ ಕಾದಿರಲಿಲ್ಲ. ಡಾಕ್ಟರ ಷಾಪಿನಲ್ಲಿ ಕಾಯುವ ಹಾಗೆ ಒಂದು ದೊಡ್ಡ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಹಳೆಯ ಪತ್ರಿಕೆಗಳು, ಚಡ್ಡಿ ಹಾಕಿಕೊಂಡು ಬಂದು ಫುಟ್‌ಬಾಲ್ ಮಾತಾಡುವ ಜನ. ಇವನೊಬ್ಬ ಸೂಟಿನಲ್ಲಿ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಕೂತ. ಮೂರು ದಿನ ಕೂತ. ಇವನಿಗೆ ಸನ್ಮಾನವಾಗಿದೆ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿತ್ರಾನ್ನದ ಇಂಗಿನ ವಾಸನೆಗೆ ಪಕ್ಕದವಳು ಎದ್ದು ಬೇರೆ ಕಡೆ ಕೂತಳು.

ನಾಲ್ಕನೇ ದಿನ ಹೆಸರು ಕೂಗಿದರು.

ಒಳಗೆ ಹೋದರೆ ಮೊದಲ ನಿರಾಸೆ: ಜಡ್ಜಿನ ತಲೆಯ ಮೇಲೆ ವಿಗ್ ಇಲ್ಲ. ಆರೋಪಿಗೆ ಹದಿನೈದೇ ವರ್ಷ, ಹುಡುಗ ಬೆದರಬಾರದೆಂದು ತೆಗೆದಿಟ್ಟಿದ್ದರಂತೆ. 'ಓಹೋ, ಕೊಲೆ ಮಾಡಿದವನು ಬೆದರಬಾರದು!' ಎಂದು ಲಕ್ಷ್ಮೀನಾರಾಯಣ ಒಳಗೊಳಗೇ ಹಲ್ಲು ಕಡಿದ. ಅವನಿಗೆ ಬೇಕಾಗಿದ್ದ ಮೀನು ತಾನಾಗಿಯೇ ಬಲೆಗೆ ಬಂದಿತ್ತು.

ಪ್ರಮಾಣ ಮಾಡುವ ಸರದಿ ಬಂತು. ಇವನು ಭಗವದ್ಗೀತೆಯೇ ಬೇಕೆಂದು ಮೊದಲೇ ಹೇಳಿದ್ದ. ಕರಿ ಗೌನಿನ ಹೆಂಗಸು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ತಂದು ಹಿಡಿದಳು. ಇವನು ಕೈ ಚಾಚಿದವನು ಗಕ್ಕನೆ ಹಿಂದಕ್ಕೆಳೆದುಕೊಂಡ. ಕಾಲಲ್ಲಿ ಬೂಟು! ಬೂಟುಗಾಲಿನಲ್ಲಿ ಗೀತೆ ಮುಟ್ಟುವುದುಂಟೆ?

"ಒನ್ ಮಿನಿಟ್, ಮೇಡಮ್," ಎಂದು ಬಗ್ಗಿ ಲಾಡಿ ಬಿಚ್ಚತೊಡಗಿದ. ಸೂಟಿನ ದಿನವೆಂದು ಬೆಳಿಗ್ಗೆ ಲಾಡಿಗೆ ಎರಡೆರಡು ಗಂಟು ಹಾಕಿಕೊಂಡಿದ್ದ. ಬಿಚ್ಚಲೊಲ್ಲದು. ಜಡ್ಜು ಕನ್ನಡಕದ ಮೇಲಿನಿಂದ ನೋಡಿದರು. ಎರಡೂ ಕಡೆಯ ವಕೀಲರು ನೋಡಿದರು. ಹೊಟ್ಟೆ ಒತ್ತಿ, ಮುಖ ಕೆಂಪಾಗಿ, ಕಡೆಗೂ ಬೂಟು ಕಳಚಿ ನೆಟ್ಟಗೆ ನಿಂತರೆ, ಎಡಗಾಲಿನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಡಿಯಾಗಿ ಹೊರಗೆ ಬಂದು ನಿಂತಿತ್ತು.

ಜೂರಿಯ ಕಟಕಟೆಗೆ ಬಾಗಿಲಿರಲಿಲ್ಲ, ಇವನು ಕೂತದ್ದು ಕೊನೆಯ ಸೀಟು. ಎದುರಿಗಿದ್ದ ಆರೋಪಿ ಹುಡುಗನಿಗೆ ಅದು ಕಂಡಿತು. ಹುಡುಗ ಫುಸಕ್ಕನೆ ನಕ್ಕುಬಿಟ್ಟ. ಪಕ್ಕದಲ್ಲಿದ್ದ ಕಾವಲುಗಾರ ಮೊಣಕೈಯಲ್ಲಿ ತಿವಿದ. ಹುಡುಗ ಬಾಯಿ ಮುಚ್ಚಿಕೊಂಡರೂ ಭುಜ ಕುಲುಕುತ್ತಲೇ ಇತ್ತು.

'ನಗ್ತೀಯಾ? ಇರು ಮಗನೇ.' ಸಾಕ್ಷ್ಯ ನೋಡಿಯೇ ನಿಜವಾದ ತೀರ್ಪು ಕೊಡುತ್ತೇನೆಂದು ಲಕ್ಷ್ಮೀನಾರಾಯಣ ಗೀತೆ ಮುಟ್ಟಿ ಗಟ್ಟಿಯಾಗಿ ಹೇಳಿದ. ಅದೇ ಉಸಿರಿನಲ್ಲಿ, ಸಾಕ್ಷ್ಯ ಏನೇ ಹೇಳಲಿ ಇವನನ್ನು ಬಿಡುವುದಿಲ್ಲವೆಂದು ಒಳಗೆ ಇನ್ನೊಂದು ಪ್ರಮಾಣ ಮಾಡಿದ. ಒಂದೇ ಗೀತೆಯ ಮೇಲೆ ಎರಡು.

ಕೇಸು ಇಷ್ಟು. ಒಂದು ಪೀಠೋಪಕರಣದ ಅಂಗಡಿ, ಅದರ ಹಿಂದೆ ಕಾರು ನಿಲ್ಲಿಸುವ ಜಾಗ. ಅಂಗಡಿ ಮುಚ್ಚಿದ ಮೇಲೆ ಅಲ್ಲಿ ಹುಡುಗರ ಗುಂಪು ಸೇರುತ್ತಿತ್ತು. ಕಾವಲಿಗಿದ್ದವರು ಪ್ರೀತಮ್ ಸಿಂಗ್ ಎಂಬ ವಯಸ್ಸಾದ ಮನುಷ್ಯ. ಎರಕದ ಕಾರ್ಖಾನೆಯಲ್ಲಿ ಜೀವ ತೇದು, ಅದು ಮುಚ್ಚಿದ ಮೇಲೆ ಈ ಕೆಲಸ ಹಿಡಿದಿದ್ದರು. ಒಂದು ಸಂಜೆ ಹುಡುಗರನ್ನು ಗದರಿ ಓಡಿಸಹೋದರು. ಹುಡುಗರು ಬೈದರು. ಇವರು ಬೆನ್ನು ಹತ್ತಿದರು. ಈ ಹುಡುಗ ಒಂದು ಅರ್ಧ ಇಟ್ಟಿಗೆ ಎತ್ತಿ ಬೀಸಿದ. ಅದು ಹಣೆಗೆ ಬಡಿಯಿತು. ಬಿದ್ದ ಏಟಿಗೆ ತಲೆ ಕಲ್ಲಂಚಿಗೆ ತಾಗಿತು. ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ಎಸೆದದ್ದು ನಾನೇ, ಸಾಯಲೆಂದು ಎಸೆಯಲಿಲ್ಲ ಎಂಬುದು ಹುಡುಗನ ಮಾತು. ಹಿಂದಿನ ದಿನವೇ 'ಅವನಿಗೊಂದು ಗತಿ ಕಾಣಿಸುತ್ತೇನೆ' ಎಂದು ಗೆಳೆಯರ ಹತ್ತಿರ ಬಡಾಯಿ ಕೊಚ್ಚಿದ್ದನ್ನು ಸರ್ಕಾರದ ವಕೀಲ ಎತ್ತಿ ತೋರಿಸಿದ.

ಹುಡುಗನನ್ನು ನೋಡಿ ಅಯ್ಯೋ ಎನ್ನುವಂತೆಯೂ ಇರಲಿಲ್ಲ. ಮುಖದ ತುಂಬ ಮೊಡವೆ, ಯಾರದೋ ದೊಡ್ಡ ಸೂಟು, ತೋಳಿನೊಳಗೆ ಬೆರಳೂ ಕಾಣದು. ಆಸ್ಪತ್ರೆಯ ಡಾಕ್ಟರ ಸಾಕ್ಷ್ಯದ ನಡುವೆ ಆಕಳಿಸಿದ. ಎಲ್ಲಿಗೆ ಗುರಿಯಿಟ್ಟೆ ಎಂದರೆ "ಡನ್ನೋ", ಗೊತ್ತಿಲ್ಲ, ಎಂದ. ಲಕ್ಷ್ಮೀನಾರಾಯಣ ಮನಸ್ಸಿನಲ್ಲೇ ಒಂದೊಂದಕ್ಕೂ ಕೆಂಪು ಚೀಟಿ ಕಟ್ಟುತ್ತ ಹೋದ. ಆಕಳಿಕೆಗೆ ಒಂದು, ಡನ್ನೋಗೆ ಒಂದು, ಹೆಬ್ಬೆರಳಿಗೆ ನಕ್ಕಿದ್ದಕ್ಕೆ ಎರಡು.

ಪ್ರೇಕ್ಷಕರ ಮೇಲಿನ ಸಾಲಿನಲ್ಲಿ ಪ್ರೀತಮ್ ಸಿಂಗರ ಹೆಂಡತಿ ದಿನವೂ ಬಂದು ಕೂರುತ್ತಿದ್ದರು. ಬಿಳಿ ದುಪಟ್ಟಾ, ತೊಡೆಯ ಮೇಲೊಂದು ಕೈಚೀಲ. ಇಂಗ್ಲಿಷ್ ಎಷ್ಟು ತಿಳಿಯುತ್ತಿತ್ತೋ ಏನೋ, ಮಾತಾಡುವವರ ಬಾಯನ್ನೇ ನೋಡುತ್ತಿದ್ದರು. ಅವರ ಕಡೆ ತಿರುಗಿದಾಗಲೆಲ್ಲ ಲಕ್ಷ್ಮೀನಾರಾಯಣನ ಶಾಲಿನಾಣೆ ಗಟ್ಟಿಯಾಗುತ್ತಿತ್ತು.

ಇತ್ತ ಸಂಜೆಯ ಪೇಪರಿನಲ್ಲಿ ಸುದ್ದಿ ಬರತೊಡಗಿದ ಮೇಲೆ ಕೂಟದವರಿಗೆ ಹಬ್ಬ. ರಾಮಮೂರ್ತಿಯ ಫೋನು.

"ಲಕ್ಷ್ಮೀನಾರಾಯಣ್ರೇ, ಆ ಇಟ್ಟಿಗೆ ಕೇಸು ನಿಮ್ದೇ ತಾನೇ?"

"ನಾನೇನೂ ಹೇಳೋ ಹಾಗಿಲ್ಲಪ್ಪ. ಕಾನೂನು."

"ಅಂದ್ರೆ ನಿಮ್ದೇ! ಬಿಡ್ಬೇಡಿ ಸಾರ್ ಅವನ್ನ. ಶಾಲಿನ ಮಾತು ನೆನಪಿದ್ಯಲ್ಲ?"

ಎಲ್ಲ ಮುಗಿದು ಜಡ್ಜು ಜೂರಿಯ ಕಡೆ ತಿರುಗಿ ನಿಧಾನವಾಗಿ ತಿಳಿಸಿ ಹೇಳಿದರು. ಕೊಲ್ಲಬೇಕೆಂದೋ ಭಾರಿ ಗಾಯ ಮಾಡಬೇಕೆಂದೋ ಇವನ ಮನಸ್ಸಿನಲ್ಲಿತ್ತು ಎಂಬುದು ನಿಮಗೆ ಖಾತ್ರಿಯಾದರೆ ಕೊಲೆ ಎನ್ನಿ. ಖಾತ್ರಿಯಿಲ್ಲದಿದ್ದರೆ ಕೊಲೆಯಲ್ಲದ ನರಹತ್ಯೆ. ಅದನ್ನು ಅವನೇ ಒಪ್ಪಿದ್ದಾನೆ. ಶಿಕ್ಷೆಯ ಯೋಚನೆ ನಿಮಗೆ ಬೇಡ, ಅದು ನನ್ನ ಕೆಲಸ.

ಲಕ್ಷ್ಮೀನಾರಾಯಣ ಪೆಚ್ಚಾದ. ಶಿಕ್ಷೆ ಇವನ ಕೆಲಸವಲ್ಲವಂತೆ! ಹಾಗಾದರೆ ಪೇಟ ಯಾಕೆ ಇಟ್ಟರು, ಆಣೆ ಯಾಕೆ ಹಾಕಿಸಿದರು? ಅಲ್ಲ, ಹಾಕಿಸಿದ್ದು ಯಾರು, ಇವನೇ ಹಾಕಿದ್ದು.

ಸಂಜೆ ಮನೆಯಲ್ಲಿ ಕಾಫಿ ಹಿಡಿದು ಮಗಳ ಹತ್ತಿರ ಸುಳಿದ. ಅವಳು ಶಾಲೆಯಲ್ಲಿ ಇಂಥದ್ದೆಲ್ಲ ಓದುತ್ತಿದ್ದಳು.

"ಸುಮ್ನೆ ಕೇಳ್ತೀನಿ. ಕೋರ್ಟಿಗೂ ಇದಕ್ಕೂ ಏನೂ ಸಂಬಂಧ ಇಲ್ಲ."

"ಶೂರ್, ಡ್ಯಾಡ್."

"ನಿನ್ ವಯಸ್ಸಿನವರು ಯಾರಾದ್ರೂ ಕೊಲೆ ಮಾಡಿದ್ರು ಅಂದ್ಕೋ. ಏನಾಗತ್ತೆ?"

"ಮರ್ಡರ್ ಅಂದ್ರೆ ಜಡ್ಜ್‌ಗೂ ಚಾಯ್ಸ್ ಇಲ್ಲ. ಡಿಟೇನ್ಡ್ ಡ್ಯೂರಿಂಗ್ ಹರ್ ಮೆಜೆಸ್ಟೀಸ್ ಪ್ಲೆಷರ್."

"ಹಾಗಂದ್ರೆ?"

"ಲೈಫ್. ಕಡಿಮೆ ಅಂದ್ರೆ ಇಷ್ಟು ವರ್ಷ ಅಂತಾರೆ, ಆಮೇಲೆ ಯಾವಾಗ ಬಿಡ್ತಾರೋ ಗೊತ್ತಿಲ್ಲ. ಬಿಟ್ರೂ ಸಾಯೋವರೆಗೂ ವಾಪಸ್ ಕರೀಬಹುದು."

ರಾಣಿಯ ಮರ್ಜಿ ಇರುವವರೆಗೆ! ಎದುರಿಗಿದ್ದ ಟೀವಿಯಲ್ಲಿ ರಾಣಿ ಉತ್ಸವದ ಬಂಡಿಯಲ್ಲಿ ಕೂತು ಕೈ ಬೀಸುತ್ತಿದ್ದಳು. ಆ ಮಹಾತಾಯಿಗೆ ಈ ಮೊಡವೆ ಮುಖದವನು ಇದ್ದಾನೆಂದೇ ತಿಳಿಯದು. ಮರ್ಜಿ ಅವಳದ್ದಲ್ಲ, ಜಡ್ಜಿನದ್ದೂ ಅಲ್ಲ. ಕೊಲೆ ಎಂಬ ಎರಡಕ್ಷರ ಹೇಳುವ ಹನ್ನೆರಡು ಬಾಯಿಗಳದ್ದು, ಅದರಲ್ಲೊಂದು ಇವನದ್ದು. ಬೇಡಿದ್ದು ಕೈಗೆ ಬಂದಿತ್ತು. ಲಕ್ಷ್ಮೀನಾರಾಯಣನಿಗೆ ಕಾಫಿ ಸೇರಲಿಲ್ಲ.

ಜೂರಿಯ ಕೋಣೆಯಲ್ಲಿ ಹನ್ನೆರಡು ಜನ ಏನು ಮಾತಾಡಿಕೊಂಡರೆಂದು ಹೊರಗೆ ಹೇಳಿದರೆ ಆ ದೇಶದಲ್ಲಿ ಅಪರಾಧ. ಅದು ಅಲ್ಲೇ ಇರಲಿ. ಲಕ್ಷ್ಮೀನಾರಾಯಣನ ತಲೆಯೊಳಗೆ ನಡೆದದ್ದಕ್ಕೆ ಕಾನೂನಿನ ಅಡ್ಡಿಯಿಲ್ಲ. ಅವನು ಕಟ್ಟಿದ್ದ ಕೆಂಪು ಚೀಟಿಗಳನ್ನೆಲ್ಲ ಎದುರಿಗಿಟ್ಟುಕೊಂಡು ಕೂತ. ಆಕಳಿಸಿದ, ಸರಿ. ಬಡಾಯಿ ಕೊಚ್ಚಿದ, ಸರಿ. ಆದರೆ ಖಾತ್ರಿಯಾ? ಕಾರ್ಖಾನೆಯಲ್ಲಿ ಅವನು ಸಿಡುಕ, ಜಗಳಗಂಟ, ಯಾರಿಗೂ ಬೇಡದವನು. ಆದರೆ ಅಳತೆ ಮಾಡದೆ ಒಂದೇ ಒಂದು ಚೀಟಿ ಕಟ್ಟಿದವನಲ್ಲ. ಇಲ್ಲಿ ಅಳೆಯಲು ಏನಿದೆ? ಮಬ್ಬು ಬೆಳಕು, ಓಡುತ್ತಿದ್ದ ಹುಡುಗ, ತಿರುಗಿ ಬೀಸಿದ ಕೈ. ಆ ಗಳಿಗೆಯಲ್ಲಿ ಅವನ ತಲೆಯಲ್ಲಿದ್ದದ್ದನ್ನು ಯಾವ ದೀಪದ ಕೆಳಗೆ ಹಿಡಿದು ನೋಡುವುದು?

ಹೀಗೆ ತಡಕಾಡುವಾಗ ಆ ಹಾಳು ನಗು ಅಡ್ಡ ಬಂತು. ಇಡೀ ಬದುಕು ತಕ್ಕಡಿಯಲ್ಲಿ ತೂಗುತ್ತಿರುವಾಗ, ಗುರುತಿಲ್ಲದವನೊಬ್ಬನ ಹೆಬ್ಬೆರಳು ನೋಡಿ ನಗು ತಡೆಯಲಾರದೆ ಹೋದ ಹುಡುಗ. ಅದು ಸಾಕ್ಷ್ಯವಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಹಿಡಿಯಬಾರದು ಎಂದುಕೊಂಡಷ್ಟೂ ಅದೇ ಕಣ್ಣ ಮುಂದೆ. ಮುಂದೇನು ಎಂದು ಅರೆಗಳಿಗೆ ಕೂಡ ಯೋಚಿಸದೆ ನಗುವವನು, ಯೋಚಿಸದೆ ಎಸೆಯಲೂಬಹುದಲ್ಲವೇ? ಲಕ್ಷ್ಮೀನಾರಾಯಣನಿಗೆ ಹುಡುಗನ ಮೇಲೆ ಸಿಟ್ಟು ಬಂತು, ಜಡ್ಜಿನ ಮೇಲೆ ಬಂತು, ರಾಮಮೂರ್ತಿ ತಂದ ಶಾಲಿನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು.

ಮಾರನೆಯ ದಿನ ಜೂರಿಯ ಮುಖ್ಯಸ್ಥೆ ಎದ್ದು ನಿಂತು ಹೇಳಿದಳು: ಕೊಲೆಯಲ್ಲ, ನರಹತ್ಯೆ. ಇದು ನಿಮ್ಮೆಲ್ಲರ ತೀರ್ಪೇ ಎಂದು ಗುಮಾಸ್ತ ಕೇಳಿದ. ಎಲ್ಲರದ್ದೂ ಎಂದಳು. ಹುಡುಗನಿಗೆ ಅರ್ಥವಾಗಲಿಲ್ಲ, ವಕೀಲನ ಕಡೆ ಬಗ್ಗಿ, "ಅದು ಒಳ್ಳೇದಾ?" ಎಂದು ಕೇಳಿದ್ದು ಕೋರ್ಟಿಗೆಲ್ಲ ಕೇಳಿಸಿತು. ಪ್ರೀತಮ್ ಸಿಂಗರ ಹೆಂಡತಿ ಎದ್ದರು. ಜೂರಿಯವರನ್ನು ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರನ್ನಾಗಿ ನೋಡಿದರು. ಕೈಚೀಲ ತೆಗೆದುಕೊಂಡು ಹೋದರು. ಕೊನೆಯ ಸೀಟಿನ ಲಕ್ಷ್ಮೀನಾರಾಯಣ ತನ್ನ ಸರದಿ ಬರುವ ಹೊತ್ತಿಗೆ ಬೂಟಿನ ಲಾಡಿ ನೋಡುತ್ತ ಕೂತಿದ್ದ.

ಕೆಲವು ವಾರಗಳ ಮೇಲೆ ಶಿಕ್ಷೆಯಾಯಿತು: ಏಳು ವರ್ಷ. ಹನ್ನೆರಡೂ ಜನ ಒಮ್ಮತದಿಂದ ತೀರ್ಪು ಕೊಟ್ಟಿದ್ದರೆಂದು ಪೇಪರಿನವರು ಬರೆದೇ ಇದ್ದರು, ಪುಟದ ತೀರಾ ಕೆಳಗೆ. ಕೂಟದವರು ತಲೆಬರಹದಿಂದ ಕೆಳಗೆ ಇಳಿಯಲೇ ಇಲ್ಲ. ಏಳೇ ವರ್ಷ! ಫೋನುಗಳು ಸುಟ್ಟುಹೋಗುವಷ್ಟು ಮಾತಾಯಿತು. ಆದರೆ ಲಕ್ಷ್ಮೀನಾರಾಯಣನ ಮೇಲೆ ಯಾರೂ ಹರಿಹಾಯಲಿಲ್ಲ. ಸುಳ್ಳೊಂದನ್ನು ಅವರೇ ನೇಯ್ದು, ಅಂಚು ಹೊಲಿದು, ಹೊದ್ದುಕೊಳ್ಳಲು ತಯಾರಾಗಿ ಇಟ್ಟಿದ್ದರು.

"ನಮಗೆಲ್ಲ ಗೊತ್ತದರಿ," ಎಂದರು ಡಾಕ್ಟರು. "ನೀವು ಬಿಟ್ಟಿರಂಗಿಲ್ಲ. ಹನ್ನೊಂದು ಬಿಳೇ ಮಂದಿ ಮುಂದ ಒಬ್ರು ಏನ್ ಮಾಡೀರಿ? ದೀಪಾವಳಿಗೆ ಸ್ಟೇಜ್ ಮ್ಯಾಲೆ ಅದನ್ನ ನಾನ ಹೇಳತೇನಿ. ನೀವು ಬಾಯಿ ಬಿಡೂದೇ ಬ್ಯಾಡ, ಗೋಣು ಹಾಕ್ರಿ ಸಾಕು. ಮುಂದ ಅಧ್ಯಕ್ಷರ ಹೆಸರು ಎತ್ತೂದು ನನ್ನ ಜವಾಬ್ದಾರಿ."

ಹನ್ನೊಂದು ಬಿಳಿಯರು ಎಂದು ಡಾಕ್ಟರು ಯಾವ ಎಕ್ಸ್‌ರೇಯಲ್ಲಿ ನೋಡಿದರೋ. ಜೂರಿಯಲ್ಲಿ ಇಬ್ಬರು ಕರಿಯರಿದ್ದರು, ಒಬ್ಬಾಕೆ ಗುಜರಾತಿ.

"ಏನ್ ಮಾಡ್ತೀರಿ?" ಎಂದು ಕೇಳಿದಳು ಅಹಲ್ಯಾ.

"ಏನ್ ಮಾಡೋದು? ಗೋಣು ಹಾಕ್ತೀನಿ. ಕೋಣೆಯೊಳಗಿನ ಮಾತು ಹೇಳೋ ಹಾಗಂತೂ ಇಲ್ಲ."

"ಹೇಳೋ ಹಾಗಿಲ್ಲ, ಗೋಣು ಹಾಕ್ಬಹುದು. ಚೆನ್ನಾಗಿದೆ ರೀ ಕಾನೂನು." ಅವಳು ಷೋಕೇಸಿನಿಂದ ಶಾಲು ತೆಗೆದು ಅವನ ಕೈಗೆ ಕೊಟ್ಟಳು. "ಹೊದ್ಕೊಂಡೇ ಹೋಗಿ. ಆಣೆ ಇಟ್ಟದ್ದು ಇದರ ಮೇಲೆ ತಾನೇ?"

ಹೊದೆಯಲಿಲ್ಲ. ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದ.

ದೀಪಾವಳಿಯ ದಿನ ಶಾಲೆಯ ಅದೇ ಸಭಾಂಗಣ. ಹೆಣ್ಣುಮಕ್ಕಳ ಕುಣಿತ ಮುಗಿಯಿತು. ಡಾಕ್ಟರು ಅವನನ್ನು ವೇದಿಕೆಗೆ ಕರೆದರು. ಅವನು ನಿಜವಾಗಿಯೂ ಗೋಣು ಹಾಕಲೆಂದೇ ಹತ್ತಿದ. ಕತ್ತು ಕೂಡ ಅಲ್ಲಾಡಲು ತಯಾರಾಗಿತ್ತು.

"ನಮ್ಮ ಲಕ್ಷ್ಮೀನಾರಾಯಣ ಅವರು ಕೊನೀತನಕ ಹೋರಾಡಿದರು," ಎಂದರು ಡಾಕ್ಟರು ಮೈಕಿನಲ್ಲಿ. "ಆದರ ಹನ್ನೊಂದು ಮಂದಿ ಒಪ್ಪಲಿಲ್ಲ. ಹೌದಲ್ರಿ?"

ಮುಂದಿನ ಸಾಲಿನಿಂದ ರಾಮಮೂರ್ತಿ ಕೂಗಿದ: "ಆ ಸರ್ದಾರ್ಜಿಗೆ ಅನ್ಯಾಯ ಆಯ್ತು ಸಾರ್!"

"ಪಾಪ, ಆ ಸರ್ದಾರ್ಜಿ," ಎಂದರು ಅವನ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು.

ಅಲ್ಲಾಡಬೇಕಾಗಿದ್ದ ಕತ್ತು ಅಲ್ಲೇ ನಿಂತಿತು.

"ಯಾವ ಸರ್ದಾರ್ಜಿ?" ಎಂದ ಲಕ್ಷ್ಮೀನಾರಾಯಣ.

"ಅದೇ ಸಾರ್, ನಿಮ್ಮ ಕೇಸಿನವರು."

"ಹೆಸರೇನು ಅವರದು?"

ರಾಮಮೂರ್ತಿ ಅತ್ತಿತ್ತ ನೋಡಿದ. "ಏನೋ ಸಿಂಗ್."

"ಸಿಂಗ್ ಅಂತೂ ಗ್ಯಾರಂಟಿ," ಎಂದು ಹಿಂದಿನಿಂದ ಯಾರೋ ಅಂದರು. ಹಾಲೆಲ್ಲ ನಕ್ಕಿತು.

ಆ ನಗೆಗೆ ಲಕ್ಷ್ಮೀನಾರಾಯಣನ ಹಳೆಯ ಸಿಟ್ಟು ನೆತ್ತಿಗೇರಿತು. ಡಾಕ್ಟರ ಕೈಯಿಂದ ಮೈಕು ಕಿತ್ತುಕೊಂಡ.

"ಪ್ರೀತಮ್ ಸಿಂಗ್! ಪೇಪರಲ್ಲಿ ದಿನಾ ಬಂತಲ್ರಿ, ಅದನ್ನಾದ್ರೂ ಓದೋಕಾಗ್ಲಿಲ್ವಾ? ಅವರ ಹೆಂಡ್ತಿ ಹ್ಯಾಂಡ್ಸ್‌ವರ್ತ್‌ನಲ್ಲಿದ್ದಾರೆ. ಇಲ್ಲಿಂದ ಅರ್ಧ ಗಂಟೆ ದಾರಿ. ಯಾರಾದ್ರೂ ಹೋಗಿ ಒಂದು ಫ್ಲಾಸ್ಕ್ ಟೀ ಕೊಟ್ಟು ಬಂದ್ರಾ? ನಾನೂ ಹೋಗ್ಲಿಲ್ಲ! ಅವರ ಹೆಸರು ಬೇಡ, ಮನೆ ಬೇಡ. ಹುಡುಗನಿಗೆ ಜೀವಾವಧಿ ಮಾತ್ರ ಬೇಕು, ಹೋಳಿಗೆ ಜೊತೆ ನಂಚ್ಕೊಳ್ಳೋಕೆ!"

"ಸಮಾಧಾನ, ಸಮಾಧಾನ್ರಿ," ಎಂದರು ಡಾಕ್ಟರು.

"ಇನ್ನೊಂದು ಮಾತು. ಒಳಗೆ ಏನಾಯ್ತು ಅಂತ ನಾನು ಹೇಳೋ ಹಾಗಿಲ್ಲ. ಹೊರಗೆ ಎಲ್ಲರೆದುರಿಗೆ ಹೇಳಿದ್ದನ್ನ ಹೇಳ್ತೀನಿ: ಹನ್ನೆರಡು. ಹನ್ನೊಂದಲ್ಲ, ಹನ್ನೆರಡು. ಎಣಿಸೋಕೆ ಬರತ್ತಲ್ಲ ನಿಮ್ಗೆ? ನೀವೆಲ್ಲ ಎಂಜಿನಿಯರ್‌ಗಳು!"

ಕಂಕುಳಿನಿಂದ ಶಾಲು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ರಾಮಮೂರ್ತಿ ಎದ್ದು, "ಊಟ ರೆಡಿ ಇದೆ, ಬಿಸಿಬೇಳೆಬಾತ್ ಆರ್ತಿದೆ," ಎಂದ. ಇಡೀ ಸಭೆ ಬದುಕಿದೆವು ಎಂಬಂತೆ ಒಟ್ಟಿಗೆ ಎದ್ದು ಸಾಲು ಹಚ್ಚಿತು.

ಆ ಸಂಜೆ ಕುರ್ಚಿ ಪೇರಿಸಿದ್ದು ಎಂದಿನಂತೆ ಲಕ್ಷ್ಮೀನಾರಾಯಣನೇ. ಅಹಲ್ಯಾ ಒಂದು ಕಡೆ ಹಿಡಿದಳು. ಕೇಳದೆಯೇ ಬಂದು ಇನ್ನೊಂದು ಕಡೆ ಹಿಡಿದವಳು ಸಿಂಚನಾ.

"ದಟ್ ವಾಸ್ ಸೋ ಎಂಬರಾಸಿಂಗ್, ಡ್ಯಾಡ್."

"ಗೊತ್ತು. ಆ ಕಡೆ ಎತ್ತು."

ಮುಂದಿನ ಯುಗಾದಿಗೆ ರಾಮಮೂರ್ತಿ ಅಧ್ಯಕ್ಷನಾದ. ಹೊಸ ಶಾಲು ಯಾಕೆ ದಂಡ ಎಂದು ಮೇಜಿನ ಮೇಲೆ ಬಿಟ್ಟುಹೋಗಿದ್ದ ಶಾಲನ್ನೇ ಡ್ರೈಕ್ಲೀನ್ ಮಾಡಿಸಿ ಅವನಿಗೆ ಹೊದಿಸಿದರು. ಹೊದ್ದು, ಮೈಕು ಹಿಡಿದು, ಈಗಿನ ಹುಡುಗರು ಕೈಮೀರಿದ್ದಾರೆ, ಮೊನ್ನೆ ಮ್ಯಾಂಚೆಸ್ಟರಿನಲ್ಲಿ ಒಬ್ಬ ಏನು ಮಾಡಿದ ನೋಡಿ, ಇಂಥವರಿಗೆಲ್ಲ ಜೀವಾವಧಿಯೇ ಸರಿ ಎಂದು ಶುರುಮಾಡಿದ.

"ಯಾರಿಗೆ ಹೊಡೆದದ್ದು?" ಎಂದು ಹಾಲಿನ ತೀರಾ ಹಿಂದಿನಿಂದ, ಕುರ್ಚಿಗಳ ರಾಶಿಯ ಪಕ್ಕದಿಂದ ಒಂದು ದನಿ ಬಂತು. "ಅವರ ಹೆಸರೇನು?"

ರಾಮಮೂರ್ತಿ ತಡವರಿಸಿ, ಮಾತು ತಿರುಗಿಸಿ, ಪಿಕ್‌ನಿಕ್ಕಿನ ವಿಷಯಕ್ಕೆ ಹೋದ.

ಅಲ್ಲಿಂದ ಮುಂದೆ ಅದೇ ಪಾಡಾಯಿತು. ಗೃಹಪ್ರವೇಶವಿರಲಿ, ಹುಟ್ಟುಹಬ್ಬವಿರಲಿ, ಯಾರಾದರೂ ಸೋಫಾದಲ್ಲಿ ಒರಗಿ, ಕೈಯಲ್ಲಿ ಚಕ್ಕುಲಿ ಹಿಡಿದು ಹುಡುಗರಿಗೆ ಶಿಕ್ಷೆ ಹಂಚತೊಡಗಿದರೆ ಸಾಕು, ಲಕ್ಷ್ಮೀನಾರಾಯಣ ತಿನ್ನುವುದನ್ನು ನಿಲ್ಲಿಸಿ ಸತ್ತವರ ಹೆಸರು ಕೇಳುತ್ತಿದ್ದ. ಯಾರಿಗೂ ಗೊತ್ತಿರುತ್ತಿರಲಿಲ್ಲ. ಚಕ್ಕುಲಿಯ ರುಚಿ ಕೆಡುತ್ತಿತ್ತು. ಅವನನ್ನು ಕರೆಯುವವರು ಕಡಿಮೆಯಾದರು. ಕರೆದರೂ ಕುರ್ಚಿ ಹೆಚ್ಚಿದ್ದ ದಿನ ಮಾತ್ರ. ಜೀವಾವಧಿ ಎಂಬ ಬಾಲ ಉದುರಿಹೋಗಿ, ಹೆಸರೇನು ಲಕ್ಷ್ಮೀನಾರಾಯಣ ಎಂಬ ಹೊಸ ಬಾಲ ಬೆಳೆಯಿತು.

ಹಾಗೆಂದು ಅವನೇನು ಸಂತನಾಗಲಿಲ್ಲ. ಹ್ಯಾಲೋವೀನ್ ದಿನ ಕಿಟಕಿಗೆ ಮೊಟ್ಟೆ ಬಿದ್ದರೆ ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಹೋಗುತ್ತಿದ್ದ, ಬೈಗುಳದಲ್ಲೂ ಯಾವ ಕಡಿತವೂ ಇರಲಿಲ್ಲ. ಹ್ಯಾಂಡ್ಸ್‌ವರ್ತಿಗೂ ಹೋಗಲಿಲ್ಲ. ಒಂದು ಭಾನುವಾರ ಅಹಲ್ಯಾ ಫ್ಲಾಸ್ಕಿಗೆ ಟೀ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಳು. ಅವನು ಬೂಟು ಹಾಕಿಕೊಂಡ, ಲಾಡಿಗೆ ಎರಡೆರಡು ಗಂಟು ಬಿಗಿದ, ಕಾರಿನ ಕೀಲಿ ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಬೂಟು ಬಿಚ್ಚಿ ಒಳಗೆ ಬಂದು ಕೂತ.

"ಏನಾಯ್ತು ರೀ?"

"ಆವತ್ತು ಅವರು ಎಲ್ಲರ ಮುಖಾನೂ ನೋಡಿದ್ರು, ನಾನು ಕೆಳಗೆ ನೋಡಿದ್ದೆ," ಎಂದ. "ಹೋಗಿ ಯಾರು ಅಂತ ಹೇಳ್ಲಿ?"

ಅಹಲ್ಯಾ ಫ್ಲಾಸ್ಕಿನ ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿ ಒಂದನ್ನು ಅವನ ಮುಂದಿಟ್ಟಳು. ಅವನು ಕುಡಿದ. ಸಕ್ಕರೆ ಹೆಚ್ಚಾಗಿತ್ತು, ಅಂದು ಮಾತ್ರ ಅದನ್ನು ಎತ್ತಿ ಆಡಲಿಲ್ಲ.